75 ವ್ಯಾಟಿನ ಲೆಕ್ಕ

ಹಳೆಯ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎಂದುಕೊಂಡವರು ಸಾಮಾನ್ಯವಾಗಿ ಕಾರ್ಡಿನಿಂದಲೇ ಯೋಚನೆ ಶುರುಮಾಡುತ್ತಾರೆ. ಯಾವುದು ಹೆಚ್ಚು ವೇಗದ್ದು, ಮೆಮೊರಿ ಎಷ್ಟು ಜಿಬಿ, ಕೈಯಲ್ಲಿರುವ ದುಡ್ಡಿಗೆ ಯಾವುದು ಬರುತ್ತದೆ ಎಂದೆಲ್ಲ ಹುಡುಕಿ, ಕೊನೆಯಲ್ಲಿ ‘ಇದು ನಮ್ಮ ಕಂಪ್ಯೂಟರಿಗೆ ಕೂರುತ್ತಾ?’ ಎಂದು ಕೇಳುತ್ತಾರೆ. ಅಂಗಡಿಯವರು ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್ ನೋಡಿ ‘ಕೂರುತ್ತೆ’ ಎನ್ನುತ್ತಾರೆ. ಆ ಮಾತು ನಿಜವೇ, ಆದರೆ ಕಾರ್ಡು ಸ್ಲಾಟಿನಲ್ಲಿ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಎನ್ನುವ ಹಾಗಿಲ್ಲ. ಈ ಅಧ್ಯಾಯದಲ್ಲಿ ನಾನು ಮುಂದಿಡುವ ವಾದ, ಯೋಚನೆಯ ಕ್ರಮವನ್ನೇ ತಿರುವಿಹಾಕಬೇಕು ಎನ್ನುವುದು. ಹಳೆಯ ಯಂತ್ರ ಎಷ್ಟು ವ್ಯಾಟ್ ವಿದ್ಯುತ್ ಕೊಡಬಲ್ಲದು, ಅದರಿಂದ ಹುಟ್ಟುವ ಶಾಖವನ್ನು ಎಷ್ಟರಮಟ್ಟಿಗೆ ಹೊರಗೆ ತಳ್ಳಬಲ್ಲದು ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಮಾರುಕಟ್ಟೆಯ ನೂರಾರು ಕಾರ್ಡುಗಳಲ್ಲಿ ನಾಲ್ಕೈದು ಮಾತ್ರ ಉಳಿಯುತ್ತವೆ. ವೇಗದ ಮಾತು ಆ ನಾಲ್ಕೈದರ ನಡುವೆ ಆಡಬೇಕಾದದ್ದು.

ಒಂದು ನಿಜವಾದ ಯಂತ್ರವನ್ನೇ ಮುಂದಿಟ್ಟುಕೊಳ್ಳೋಣ. ಡೆಲ್ ಕಂಪನಿ 2013ರಲ್ಲಿ ತಂದ ಆಪ್ಟಿಪ್ಲೆಕ್ಸ್ 9020 ಕಚೇರಿಗಳಿಗೆಂದೇ ಮಾಡಿದ ಡೆಸ್ಕ್‌ಟಾಪ್. ಇಂಥ ಯಂತ್ರಗಳನ್ನು ಕಂಪನಿಗಳು ಕೆಲವು ವರ್ಷ ಬಳಸಿ ಸಗಟಾಗಿ ಮಾರಿಬಿಡುತ್ತವೆ. ಧೂಳು ಒರೆಸಿಕೊಂಡು, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು ಅವು ರಿಫರ್ಬಿಶ್ಡ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಮತ್ತೆ ಮಾರಾಟಕ್ಕೆ ಬರುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು, ಬೆಲೆಯೂ ಕೈಗೆಟುಕುವಂಥದ್ದು, ಹಾಗಾಗಿ ವಿದ್ಯಾರ್ಥಿಗಳ ಮನೆಗಳಿಗೂ ಸಣ್ಣ ಊರಿನ ಸ್ಟುಡಿಯೊಗಳಿಗೂ ಹೋಗುತ್ತವೆ. 9020ರ ಟವರ್ ಮಾದರಿಯಲ್ಲಿ ಎಲ್ಲ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, 290 ವ್ಯಾಟಿನದು, ಚಪ್ಪಟೆ ದೇಹದ ಸಣ್ಣ ಮಾದರಿಯದು 255 ವ್ಯಾಟಿನದು. ಒಳಗೆ ಐ5-4570 ಪ್ರೊಸೆಸರ್ ಇದ್ದರೆ ಅದರ ಪಾಲು 84 ವ್ಯಾಟ್. ಮದರ್‌ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನು ಎಲ್ಲಕ್ಕೂ ಸೇರಿ 45 ವ್ಯಾಟ್ ಎಂದಿಟ್ಟುಕೊಳ್ಳಿ. ಸಣ್ಣ ಮಾದರಿಯಲ್ಲಿ ಕಾಗದದ ಮೇಲೆ ಸುಮಾರು 125 ವ್ಯಾಟ್ ಉಳಿಯಿತು. ಹತ್ತು ವರ್ಷ ದುಡಿದ ಎಸ್‌ಎಂಪಿಎಸ್‌ನಿಂದ ಅಷ್ಟನ್ನೂ ಹಿಂಡಬಾರದು. ಗ್ರಾಫಿಕ್ಸ್ ಕಾರ್ಡಿನ ಬೇಡಿಕೆ ಸಮನಾಗಿ ಹರಿಯುವುದಿಲ್ಲ, ಮಿಲಿಸೆಕೆಂಡುಗಳ ಅಂತರದಲ್ಲಿ ಸರಾಸರಿಗಿಂತ ಬಹಳ ಮೇಲಕ್ಕೆ ಜಿಗಿದು ಇಳಿಯುತ್ತಿರುತ್ತದೆ. ಎಸ್‌ಎಂಪಿಎಸ್ ಆ ಜಿಗಿತವನ್ನು ತಾಳದಿದ್ದರೆ ಯಂತ್ರ ಎಚ್ಚರಿಕೆಯಿಲ್ಲದೆ ಆಫ್ ಆಗುತ್ತದೆ. ಇದನ್ನೆಲ್ಲ ಕಳೆದು ನೋಡಿದರೆ ಕಾರ್ಡಿಗೆ ನೆಮ್ಮದಿಯಾಗಿ ಕೊಡಬಹುದಾದದ್ದು 75 ವ್ಯಾಟಿನ ಆಸುಪಾಸು.

ಈ 75 ಎಂಬ ಸಂಖ್ಯೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಮಾನದಂಡದ ಪ್ರಕಾರ ಉದ್ದನೆಯ ಹದಿನಾರು ಲೇನಿನ (ಲೇನು ಎಂದರೆ ದತ್ತಾಂಶ ಸಾಗುವ ದಾರಿ) ಸ್ಲಾಟು ಕಾರ್ಡಿಗೆ ಕೊಡಬಹುದಾದ ಗರಿಷ್ಠ ವಿದ್ಯುತ್ತು 75 ವ್ಯಾಟ್. ಅದರಲ್ಲಿ 12 ವೋಲ್ಟಿನ ಪಿನ್ನುಗಳಿಂದ 5.5 ಆಂಪಿಯರ್, ಅಂದರೆ 66 ವ್ಯಾಟ್, ಉಳಿದದ್ದು 3.3 ವೋಲ್ಟಿನ ಪಿನ್ನುಗಳಿಂದ. ಹೆಚ್ಚು ಬೇಡುವ ಕಾರ್ಡುಗಳು ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಬೇರೆ ವೈರನ್ನು ಕೇಳುತ್ತವೆ. ಆರು ಪಿನ್ನಿನ ಕನೆಕ್ಟರ್ ಇನ್ನೊಂದು 75 ವ್ಯಾಟ್ ತರುತ್ತದೆ, ಎಂಟು ಪಿನ್ನಿನದು 150. ಕಚೇರಿ ಯಂತ್ರಗಳ ಎಸ್‌ಎಂಪಿಎಸ್‌ನಲ್ಲಿ ಈ ವೈರುಗಳು ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗಾಗಿ ವೈರು ಬೇಡದ ಕಾರ್ಡೇ ಇವಕ್ಕೆ ಸಹಜವಾದ ಜೋಡಿ. ಈ ಮಿತಿ ಬರೀ ಕಾಗದದ್ದಲ್ಲ ಎನ್ನುವುದಕ್ಕೆ 2016ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷ ಜೂನ್ ಕೊನೆಯಲ್ಲಿ ಎಎಂಡಿ ಆರ್‌ಎಕ್ಸ್ 480 ಬಿಡುಗಡೆ ಮಾಡಿತು. 150 ವ್ಯಾಟಿನ ಕಾರ್ಡು. ಸ್ಲಾಟಿನಿಂದ 75, ಆರು ಪಿನ್ನಿನಿಂದ 75, ನಡುವೆ ಉಸಿರಾಡಲೂ ಜಾಗವಿರಲಿಲ್ಲ. ವಿಮರ್ಶಕರು ಉಪಕರಣ ಹಚ್ಚಿ ಅಳೆದಾಗ ಕಾರ್ಡು ಸ್ಲಾಟಿನಿಂದ ಮಿತಿ ಮೀರಿ ಎಳೆಯುತ್ತಿರುವುದು ಗೊತ್ತಾಯಿತು. ಹೊಸ, ಬಲವಾದ ಬೋರ್ಡುಗಳು ಅದನ್ನು ತಾಳಿಕೊಂಡವು, ಆತಂಕವೆಲ್ಲ ಹಳೆಯ ಬೋರ್ಡುಗಳದಾಗಿತ್ತು. ಜುಲೈನಲ್ಲೇ ಎಎಂಡಿ ಹೊಸ ಡ್ರೈವರ್ ತಂದು ಹೊರೆಯನ್ನು ಸ್ಲಾಟಿನಿಂದ ವೈರಿನ ಕಡೆಗೆ ಸರಿಸಬೇಕಾಯಿತು.

ಇಷ್ಟು ಸಣ್ಣ ಮಿತಿಯೊಳಗೆ ಏನು ಸಿಕ್ಕೀತು ಎಂಬ ಅನುಮಾನ ಸಹಜ. ಇಲ್ಲಿಯೇ ವಿಷಯ ಉತ್ಸಾಹ ಹುಟ್ಟಿಸುತ್ತದೆ. ಸ್ಲಾಟಿನ ಮಿತಿ ಎರಡು ದಶಕದಿಂದ ಅಲ್ಲೇ ನಿಂತಿದ್ದರೂ ಅದರೊಳಗೆ ನಡೆಯುವ ಕೆಲಸ ಬೆಳೆಯುತ್ತಲೇ ಬಂದಿದೆ. ಎನ್‌ವಿಡಿಯಾ 2014ರಲ್ಲಿ ತಂದ ಜಿಟಿಎಕ್ಸ್ 750 ಟಿಐ 60 ವ್ಯಾಟಿನಲ್ಲಿ ಸೆಕೆಂಡಿಗೆ ಸುಮಾರು 1.3 ಲಕ್ಷ ಕೋಟಿ ಲೆಕ್ಕ ಮಾಡುತ್ತಿತ್ತು. 2016ರ ಜಿಟಿಎಕ್ಸ್ 1050 ಟಿಐ 75 ವ್ಯಾಟಿನಲ್ಲಿ ಸುಮಾರು 2.1 ಲಕ್ಷ ಕೋಟಿ, 2019ರ ಜಿಟಿಎಕ್ಸ್ 1650 ಅಷ್ಟೇ ವ್ಯಾಟಿನಲ್ಲಿ ಸುಮಾರು 3 ಲಕ್ಷ ಕೋಟಿ. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಬರೀ 70 ವ್ಯಾಟಿನಲ್ಲಿ, ಯಾವ ವೈರೂ ಇಲ್ಲದೆ, 6.7 ಲಕ್ಷ ಕೋಟಿಯ ಹತ್ತಿರ ಹೋಯಿತು. ಈ ಕೊನೆಯ ಅಂಕಿಯನ್ನು ಸ್ವಲ್ಪ ಜಾಗ್ರತೆಯಿಂದ ಓದಬೇಕು. ಆ ತಲೆಮಾರಿನಲ್ಲಿ ಲೆಕ್ಕದ ಘಟಕಗಳನ್ನು ಜೋಡಿಸಿರುವ ರೀತಿಯೇ ಬೇರೆ, ಆದ್ದರಿಂದ ಗೇಮಿನಲ್ಲಿ ಕಾಣುವ ಲಾಭ ಈ ಅನುಪಾತದಷ್ಟು ಇರುವುದಿಲ್ಲ. ಆದರೂ ಪ್ರಗತಿ ದೊಡ್ಡದೇ.

ಇದಕ್ಕೆ ಕಾರಣ ಚಿಪ್ಪಿನ ಭೌತಶಾಸ್ತ್ರದಲ್ಲಿದೆ. ಟ್ರಾನ್ಸಿಸ್ಟರುಗಳು ಆನ್-ಆಫ್ ಆಗುವಾಗ ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಗಡಿಯಾರದ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಹಾಗೇ ಇಟ್ಟು ವೋಲ್ಟೇಜನ್ನು ಶೇ. 10ರಷ್ಟು ಇಳಿಸಿದರೆ ಈ ಖರ್ಚು ಶೇ. 19ರಷ್ಟು ಇಳಿಯುತ್ತದೆ. ಟ್ರಾನ್ಸಿಸ್ಟರು ಕಿರಿದಾದಂತೆ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಚಿಪ್ಪಿನ ಒಂದೊಂದು ಚದರ ಮಿಲಿಮೀಟರಿನ ಶಾಖ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. 2005ರ ಸುಮಾರಿಗೆ ಆ ಭಾಗ್ಯ ಮುಗಿಯಿತು, ವೋಲ್ಟೇಜು ಹಿಂದಿನಂತೆ ಇಳಿಯಲೊಲ್ಲದಾಯಿತು. ಅಲ್ಲಿಂದ ಈಚೆಗೆ ದುಬಾರಿ ಕಾರ್ಡುಗಳು ವೇಗದ ಬೆನ್ನು ಹತ್ತಿ 450 ವ್ಯಾಟಿನ ಆಚೆಗೂ ಹೋದವು. ಸ್ಲಾಟಿನ ವಿದ್ಯುತ್ತೊಂದನ್ನೇ ನಂಬಿದ ಸಣ್ಣ ಕಾರ್ಡುಗಳಿಗೆ ಆ ದಾರಿ ಮುಚ್ಚಿತ್ತು. ಪ್ರತಿ ವ್ಯಾಟಿಗೆ ಎಷ್ಟು ಕೆಲಸ ಎಂಬ ಒಂದೇ ಅಳತೆಯಲ್ಲಿ ಅವು ಬೆಳೆಯಬೇಕಿತ್ತು, ಬೆಳೆದವು. ಹಳೆಯ ಯಂತ್ರ ಇಟ್ಟುಕೊಂಡವರಿಗೆ ಬೇಕಾದದ್ದೂ ಇದೇ ಅಳತೆ.

ಇಲ್ಲಿ ಬರುವ ಮೊದಲ ಆಕ್ಷೇಪ: ಪಿಸಿಐ ಎಕ್ಸ್‌ಪ್ರೆಸ್ ಹಿಂದಿನ ತಲೆಮಾರುಗಳೊಂದಿಗೆ ಹೊಂದಿಕೊಳ್ಳುತ್ತದೆ, 75 ವ್ಯಾಟಿನೊಳಗಿನ ಯಾವ ಕಾರ್ಡಾದರೂ ನಡೆದೀತಲ್ಲ? ಹೊಂದಿಕೊಳ್ಳುತ್ತದೆ ಎಂಬ ಮಾತು ಸರಿ, ಯಾವ ವೇಗದಲ್ಲಿ ಎಂದು ಕೇಳಬೇಕು. 2007ರ ಎರಡನೇ ತಲೆಮಾರಿನಲ್ಲಿ ಒಂದು ಲೇನು ಸೆಕೆಂಡಿಗೆ 0.5 ಗಿಗಾಬೈಟ್ ಸಾಗಿಸುತ್ತದೆ, 2010ರ ಮೂರನೆಯದರಲ್ಲಿ ಸುಮಾರು 1, ನಾಲ್ಕನೆಯದರಲ್ಲಿ ಸುಮಾರು 2. ಎಎಂಡಿ 2022ರಲ್ಲಿ ತಂದ ಆರ್‌ಎಕ್ಸ್ 6400 ಬರೀ 53 ವ್ಯಾಟಿನದು, ಒಂದೇ ಸ್ಲಾಟಿನಷ್ಟು ದಪ್ಪದ ಕುಳ್ಳ ಮಾದರಿಯಲ್ಲೂ ಸಿಗುತ್ತದೆ. ನೋಡಿದರೆ ಸಣ್ಣ ಆಪ್ಟಿಪ್ಲೆಕ್ಸಿಗೆಂದೇ ಮಾಡಿದಂತಿದೆ. ಆದರೆ ಅದರ ಅಂಚು ಹದಿನಾರು ಲೇನಿನಷ್ಟು ಉದ್ದವಿದ್ದರೂ ಒಳಗೆ ಜೋಡಣೆ ಇರುವುದು ನಾಲ್ಕೇ ಲೇನಿಗೆ. ನಾಲ್ಕನೇ ತಲೆಮಾರಿನ ಹೊಸ ಬೋರ್ಡಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ದಾರಿ ಸಿಗುತ್ತದೆ. ಮೂರನೇ ತಲೆಮಾರಿನ 9020ರಲ್ಲಿ ಅದು 4ಕ್ಕೆ ಇಳಿಯುತ್ತದೆ. 2011ರ ಐ7-2600 ಇರುವ ಯಂತ್ರದಲ್ಲಿ 2 ಮಾತ್ರ. ಗೇಮು ಕಾರ್ಡಿನ 4 ಜಿಬಿ ಮೆಮೊರಿಯೊಳಗೆ ಹಿಡಿಸಿದರೆ ಇದರಿಂದ ದೊಡ್ಡ ತೊಂದರೆಯಿಲ್ಲ. ಹಿಡಿಸದೆ ಹೊರಚೆಲ್ಲಿದ ಚಿತ್ರಗಳನ್ನು ಕಂಪ್ಯೂಟರಿನ ರ‍್ಯಾಮಿನಿಂದ ತರಬೇಕಾದಾಗ ಕಷ್ಟ ಶುರುವಾಗುತ್ತದೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 128 ಗಿಗಾಬೈಟ್ ಕೊಡುತ್ತಿದ್ದರೆ 9020ರಲ್ಲಿ ಈ ದಾರಿ ಕೊಡುವುದು ಅದರ 32ರಲ್ಲಿ ಒಂದು ಪಾಲು. ಪರದೆಯ ಮೇಲಿನ ಚಿತ್ರ ತಟ್ಟನೆ ನಿಂತು ಮತ್ತೆ ಓಡುವುದು ಹೀಗೆ. 3050ರದು ಎಂಟು ಲೇನು, ಮೆಮೊರಿಯೂ 6 ಜಿಬಿ; ಹಾಗಾಗಿ ಹಳೆಯ ಬೋರ್ಡಿನಲ್ಲಿ ಅದು ಹೆಚ್ಚು ಸಮಾಧಾನದಿಂದ ನಡೆಯುತ್ತದೆ. 1650ಕ್ಕೆ ಹದಿನಾರೂ ಲೇನುಗಳಿವೆ.

ಹೆಸರನ್ನಷ್ಟೇ ನೋಡಿ ಕೊಳ್ಳುವುದೂ ಅಪಾಯ. 2017ರಲ್ಲಿ ಬಂದ ಜಿಟಿ 1030 ಕಾರ್ಡಿನಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು, ವೇಗ ಸೆಕೆಂಡಿಗೆ 48 ಗಿಗಾಬೈಟ್. ಮರುವರ್ಷ ಅದೇ ಹೆಸರಿನಲ್ಲಿ ಸಾಮಾನ್ಯ ಡಿಡಿಆರ್4 ಹಾಕಿದ ಇನ್ನೊಂದು ಬಂತು, ಅದರದು 17ರ ಹತ್ತಿರ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದೇ ಹೆಸರು, ಒಂದೇ 2 ಜಿಬಿ. ಗೇಮುಗಳಲ್ಲಿ ಎರಡನೆಯದು ಬಹುಪಾಲು ಅರ್ಧದಷ್ಟೇ ಓಡುತ್ತದೆ. ಕೊಳ್ಳುವವರ ಮೇಲೆ ಇದು ಅನ್ಯಾಯ ಎನ್ನಲು ನನಗೆ ಸಂಕೋಚವಿಲ್ಲ. 1650ರಲ್ಲೂ ಕೆಲವು ತಯಾರಕರು ಆರು ಪಿನ್ನಿನ ವೈರು ಬೇಡುವ ಮಾದರಿ ಮಾಡಿದ್ದಾರೆ. ಆದ್ದರಿಂದ ಕಾರ್ಡನ್ನೇ ಕೈಗೆತ್ತಿಕೊಂಡು ಮೇಲಂಚಿನಲ್ಲಿ ಪಿನ್ನುಗಳ ಗೂಡು ಇದೆಯೇ ಎಂದು ನೋಡಬೇಕು, ಮೆಮೊರಿಯ ಬಗೆಯನ್ನು ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಓದಬೇಕು. ಸಣ್ಣ ಮಾದರಿಯ ಕ್ಯಾಬಿನೆಟ್ ಆದರೆ ಎತ್ತರವನ್ನೂ ಅಳೆಯಬೇಕು. ಪೂರ್ಣ ಎತ್ತರದ ಕಾರ್ಡು ಸುಮಾರು 111 ಮಿಲಿಮೀಟರ್, ಕುಳ್ಳ ಕಾರ್ಡು ಸುಮಾರು 69. 3050ರ ಕುಳ್ಳ ಮಾದರಿಗಳು ಸಾಮಾನ್ಯವಾಗಿ ಎರಡು ಸ್ಲಾಟಿನ ದಪ್ಪದವು. ಪಕ್ಕದಲ್ಲಿ ಅಷ್ಟು ಜಾಗವಿದೆಯೇ ಎಂಬುದು ಕ್ಯಾಬಿನೆಟ್ ತೆರೆದು ಅಳತೆಪಟ್ಟಿ ಇಟ್ಟರಷ್ಟೇ ಗೊತ್ತಾಗುತ್ತದೆ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಎಸ್‌ಎಂಪಿಎಸ್ ಬದಲಾಯಿಸಿದರೆ ಈ ಮಿತಿಯೇ ಹೋಗುತ್ತದಲ್ಲ? ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಆರ್‌ಎಕ್ಸ್ 580ರಂಥ ಕಾರ್ಡುಗಳು ಅಗ್ಗವಾಗಿ ಸಿಗುವಾಗ ಈ ಆಸೆ ಬಲವಾಗುತ್ತದೆ. ಆ ಕಾರ್ಡಿನ ಬೇಡಿಕೆ 185 ವ್ಯಾಟ್. ಮೇಲೆ ಮಾಡಿದ ಲೆಕ್ಕಕ್ಕೆ ಸೇರಿಸಿದರೆ ಒಟ್ಟು 314, ಟವರ್ ಮಾದರಿಯ 290ನ್ನೂ ದಾಟಿತು. ಅಂಗಡಿಯಲ್ಲಿ ಜೋಡಿಸಿದ ಅಸೆಂಬಲ್ಡ್ ಯಂತ್ರವಾದರೆ ಒಳ್ಳೆಯ ಎಸ್‌ಎಂಪಿಎಸ್ ಹಾಕಿಸುವುದು ಸುಲಭ, ಅಂಥವರಿಗೆ ನನ್ನ ವಾದ ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ ಎಂದು ಒಪ್ಪುತ್ತೇನೆ. ಅವರೂ ಚೀಟಿಯ ಮೇಲಿನ ದೊಡ್ಡ ಸಂಖ್ಯೆಯನ್ನು ಬಿಟ್ಟು 12 ವೋಲ್ಟಿನ ಸಾಲನ್ನು ಓದಬೇಕು. ಮುಂದೆ 450 ಎಂದು ಬರೆದಿದ್ದು, 12 ವೋಲ್ಟಿನಲ್ಲಿ 16 ಆಂಪಿಯರ್ ಎಂದಿದ್ದರೆ ಪ್ರೊಸೆಸರಿಗೂ ಕಾರ್ಡಿಗೂ ಸೇರಿ ಸಿಗುವುದು 192 ವ್ಯಾಟ್ ಅಷ್ಟೇ. 9020ರಲ್ಲಿ ಕಷ್ಟ ಬೇರೆಯದು. ಅದರ ಬೋರ್ಡಿಗೆ ವಿದ್ಯುತ್ತು ಹೋಗುವುದು ಎಲ್ಲ ಕಡೆ ಸಿಗುವ 24 ಪಿನ್ನಿನಿಂದಲ್ಲ, ಡೆಲ್‌ನದೇ ಆದ 8 ಪಿನ್ನಿನಿಂದ. ನಡುವೆ ಅಡಾಪ್ಟರ್ ಬೇಕಾಗುತ್ತದೆ, ಸಣ್ಣ ಮಾದರಿಯಲ್ಲಂತೂ ಮಾಮೂಲಿ ಅಳತೆಯ ಎಸ್‌ಎಂಪಿಎಸ್ ಒಳಗೆ ಹೋಗುವುದೇ ಇಲ್ಲ.

ಕೆಲವರು ಇದಕ್ಕೆ ಅಡ್ಡದಾರಿ ಹುಡುಕಿ, ಹಾರ್ಡ್ ಡಿಸ್ಕಿನ ಸಾಟಾ ವೈರನ್ನು ಆರು ಪಿನ್ನಿಗೆ ತಿರುಗಿಸುವ ಅಗ್ಗದ ಕೇಬಲ್ ಹಾಕುತ್ತಾರೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳಿವೆ, ಒಂದೊಂದರ ಸಾಮರ್ಥ್ಯ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, 54 ವ್ಯಾಟ್. 75 ವ್ಯಾಟ್ ಎಳೆಯುವ ಹಕ್ಕು ತನಗಿದೆ ಎಂದು ನಂಬಿದ ಕಾರ್ಡಿಗೆ ಅದನ್ನು ಸಿಕ್ಕಿಸಿದರೆ ಆ ತೆಳ್ಳನೆಯ ಪಿನ್ನುಗಳು ಕಾಯುತ್ತವೆ, ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಮನೆಯಲ್ಲಿ ಇಂಥ ಕೇಬಲ್ ಇದ್ದರೆ ದಯವಿಟ್ಟು ಬಳಸಬೇಡಿ.

ಶಾಖದ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. ಕಾರ್ಡು ಸೇವಿಸಿದ ಒಂದೊಂದು ವ್ಯಾಟೂ ಕೊನೆಗೆ ಕ್ಯಾಬಿನೆಟ್ಟಿನೊಳಗಿನ ಬಿಸಿಯಾಗಿಯೇ ಹೊರಬರಬೇಕು. ಎಸ್‌ಎಂಪಿಎಸ್ ಮತ್ತು ಬೋರ್ಡಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳೊಳಗೆ ದ್ರವವಿರುತ್ತದೆ, ಬಿಸಿಗೆ ಅದು ನಿಧಾನವಾಗಿ ಆರುತ್ತದೆ. ತಾಪ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ಅಂದಾಜು. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಒಂದೇ ಫ್ಯಾನಿನ ಕಚೇರಿ ಕ್ಯಾಬಿನೆಟ್ಟಿಗೆ 185 ವ್ಯಾಟಿನ ಕಾರ್ಡು ತುರುಕಿದರೆ ಏನಾದೀತೆಂದು ಊಹಿಸಬಹುದು. ಮನೆಯ ಯುಪಿಎಸ್ಸೂ ಲೆಕ್ಕಕ್ಕೆ ಬರಬೇಕು. ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಅದರಲ್ಲೇ ಮಾನಿಟರೂ ನಡೆಯಬೇಕು.

ವಿದ್ಯುತ್ತಿನ ಅಡ್ಡಿಯನ್ನೆಲ್ಲ ದಾಟಿದರೂ ದೊಡ್ಡ ಕಾರ್ಡಿನ ಪೂರ್ತಿ ಫಲ ಹಳೆಯ ಯಂತ್ರದಲ್ಲಿ ಸಿಗುವುದಿಲ್ಲ. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್ ಬೇಕಿದ್ದರೆ ಒಂದೊಂದಕ್ಕೂ ಸಿಗುವ ಕಾಲ 16.7 ಮಿಲಿಸೆಕೆಂಡ್. ಯಾವ ವಸ್ತು ಎಲ್ಲಿದೆ, ಯಾರು ಯಾರಿಗೆ ಡಿಕ್ಕಿ ಹೊಡೆದರು, ಏನನ್ನು ಬಿಡಿಸಬೇಕು ಎಂಬ ಆಜ್ಞೆಗಳನ್ನು ಪ್ರೊಸೆಸರ್ ಸಿದ್ಧಮಾಡಿ ಕೊಟ್ಟ ಮೇಲೆ ಕಾರ್ಡು ಬಿಡಿಸುತ್ತದೆ. ಹೋಟೆಲಿನಲ್ಲಿ ದೋಸೆ ಹುಯ್ಯುವವರ ಕೈ ಎಷ್ಟೇ ಚುರುಕಾಗಿರಲಿ, ಒಳಗಿನಿಂದ ಹಿಟ್ಟು ನಿಧಾನಕ್ಕೆ ಬಂದರೆ ಕಾವಲಿ ಖಾಲಿ ಕಾಯುತ್ತದೆ. ನಾಲ್ಕು ಕೋರಿನ, ನಾಲ್ಕೇ ಥ್ರೆಡ್ಡಿನ ಐ5-4570 ಇಂದಿನ ಭಾರೀ ಗೇಮುಗಳಿಗೆ 20 ಮಿಲಿಸೆಕೆಂಡ್ ತೆಗೆದುಕೊಂಡರೆ, ಎಂಥ ಕಾರ್ಡು ಹಾಕಿದರೂ ಸೆಕೆಂಡಿಗೆ 50 ಫ್ರೇಮಿನ ಮೇಲೆ ಹೋಗುವುದಿಲ್ಲ. ಅಡ್ಡಿ ಎಲ್ಲಿದೆ ಎಂದು ಪತ್ತೆಮಾಡಲು ಸುಲಭದ ಪರೀಕ್ಷೆಯೊಂದಿದೆ. ಈಗಿರುವ ಕಾರ್ಡಿನಲ್ಲೇ ಗೇಮಿನ ರೆಸಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡಿ. ಫ್ರೇಮುಗಳು ಜಿಗಿದು ಏರಿದರೆ ಅಡ್ಡಿ ಕಾರ್ಡಿನದು, ಹೊಸದು ಹಾಕಿದರೆ ಪ್ರಯೋಜನವಿದೆ. ಇದ್ದಲ್ಲೇ ಇದ್ದರೆ ಅಡ್ಡಿ ಪ್ರೊಸೆಸರಿನದು.

ಇನ್ನು ವಿದ್ಯುತ್ತು, ಅಳತೆ ಎಲ್ಲ ಸರಿಯಿದ್ದೂ ಕೈಕೊಡುವ ಒಂದೆರಡು ಸಂದರ್ಭಗಳಿವೆ. ಇಂಟೆಲ್‌ನ ಆರ್ಕ್ ಎ380 75 ವ್ಯಾಟಿನದು, ವಿಡಿಯೊ ಕೆಲಸದಲ್ಲಿ ತುಂಬ ಸಮರ್ಥ. ಆದರೆ ಪ್ರೊಸೆಸರು ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಂದೇ ಸಲ ಮುಟ್ಟಲು ಬಿಡುವ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಅದಕ್ಕೆ ಬೇಕೇ ಬೇಕು. ಇಂಟೆಲ್ ಸೂಚಿಸುವುದು ತನ್ನ ಹತ್ತನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳನ್ನು. ಹಳೆಯ ಯಂತ್ರದಲ್ಲಿ ಬಾಗಿಲು 256 ಎಂಬಿಯಷ್ಟೇ ತೆರೆಯುತ್ತದೆ, ಗೇಮುಗಳು ಎಡವುತ್ತವೆ. ಹಳೆಯ ಬಯಾಸ್ ಇರುವ, ಇಂಟೆಲ್‌ನ ಎರಡನೇ ತಲೆಮಾರಿನ ಹಾಗೂ ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಹೊಸ ಕಾರ್ಡು ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯುವುದುಂಟು, ಕೊಳ್ಳುವ ಮುಂಚೆಯೇ ಬಯಾಸ್ ಅಪ್‌ಡೇಟ್ ಇದೆಯೇ ನೋಡಿಕೊಳ್ಳಬೇಕು. ಡ್ರೈವರಿನ ಆಯಸ್ಸೂ ಮುಖ್ಯ. ಎನ್‌ವಿಡಿಯಾ 2025ರ ಅಕ್ಟೋಬರಿನ ನಂತರ 750 ಟಿಐ, 1050 ಟಿಐ, 1030ರ ತಲೆಮಾರುಗಳಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು ನಿಲ್ಲಿಸಿ ಭದ್ರತಾ ಪರಿಷ್ಕರಣೆಗಳನ್ನಷ್ಟೇ ಉಳಿಸಿಕೊಂಡಿತು. ಅದೇ ಕಾರಣಕ್ಕೆ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ನಾನು 1050 ಟಿಐ ಬಿಟ್ಟು 1650 ಕಡೆಗೇ ಕೈ ತೋರುತ್ತೇನೆ. ಮಾನಿಟರ್ ಹಳೆಯ ವಿಜಿಎ ಆಗಿದ್ದರೆ ಇನ್ನೊಂದು ಖರ್ಚು: 750 ಟಿಐ ಬಿಟ್ಟರೆ ಈ ಕಾರ್ಡುಗಳು ಅನಲಾಗ್ ಸಂಕೇತ ಕೊಡುವುದೇ ಇಲ್ಲ, ಡಿಜಿಟಲನ್ನು ಅನಲಾಗಿಗೆ ತಿರುಗಿಸುವ ಚಿಪ್ಪಿರುವ ಕನ್ವರ್ಟರ್ ಕೊಳ್ಳಬೇಕು.

ಇಷ್ಟೆಲ್ಲ ತಾಪತ್ರಯದ ಬದಲು ಹೊಸ ಕಂಪ್ಯೂಟರನ್ನೇ ಕೊಳ್ಳಬಾರದೇ ಎಂಬುದು ಕೊನೆಯ ಆಕ್ಷೇಪ. ಹೊಸ ಭಾರೀ ಗೇಮುಗಳೇ ಗುರಿಯಾಗಿದ್ದರೆ, ಕಾರ್ಡಿನ ಬೆಲೆ ಯಂತ್ರದ ಬೆಲೆಯನ್ನು ಮೀರುತ್ತಿದ್ದರೆ, ಹೌದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐ5-4570ರಂಥ ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಗ್ರಾಫಿಕ್ಸ್ ಕಾರ್ಡು ಇದನ್ನು ಸರಿಪಡಿಸಲಾರದು, ಲಿನಕ್ಸ್ ಬಳಸಬಲ್ಲವರಿಗೆ ಮಾತ್ರ ದಾರಿಯಿದೆ. ಆದರೆ ಎಲ್ಲರ ಕೆಲಸವೂ ಭಾರೀ ಗೇಮಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವ ಸಣ್ಣ ಸ್ಟುಡಿಯೊವನ್ನು ನೋಡಿ. ಈಗಿನ ಫೋನು, ಕ್ಯಾಮೆರಾಗಳು ಎಚ್‌ಇವಿಸಿ ರೂಪದಲ್ಲಿ ವಿಡಿಯೊ ಕೊಡುತ್ತವೆ. 2013ರ ಪ್ರೊಸೆಸರಿಗೆ ಅದನ್ನು ಬಿಡಿಸುವ ಯಂತ್ರಾಂಶವೇ ಇಲ್ಲದ್ದರಿಂದ ನಾಲ್ಕೂ ಕೋರುಗಳು ಏದುಸಿರು ಬಿಡುತ್ತವೆ. 1650 ಅಥವಾ 3050 ಹಾಕಿದರೆ ಬಿಡಿಸುವ ಕೆಲಸವನ್ನೂ ಮುಗಿದ ವಿಡಿಯೊವನ್ನು ಮತ್ತೆ ಕಟ್ಟುವ ಕೆಲಸವನ್ನೂ ಕಾರ್ಡಿನಲ್ಲಿರುವ ಪ್ರತ್ಯೇಕ ಮಂಡಲ ವಹಿಸಿಕೊಳ್ಳುತ್ತದೆ. 3050 ಆದರೆ ಯೂಟ್ಯೂಬ್ ಬಳಸುವ ಎವಿ1 ವಿಡಿಯೊವನ್ನೂ ಬಿಡಿಸುತ್ತದೆ. ಆರ್‌ಎಕ್ಸ್ 6400ರಲ್ಲಿ ವಿಡಿಯೊ ಕಟ್ಟುವ ಮಂಡಲವನ್ನೇ ಕೈಬಿಟ್ಟಿದ್ದಾರೆ, ಎವಿ1 ಬಿಡಿಸುವುದೂ ಇಲ್ಲ. ಸ್ಟುಡಿಯೊದವರು ಅದನ್ನು ಕೊಂಡರೆ ಕೆಲಸಕ್ಕೆ ಬಾರದು. ಇಂಥವರಿಗೆ 75 ವ್ಯಾಟಿನ ಒಂದು ಕಾರ್ಡು ಚೆನ್ನಾಗಿರುವ ಯಂತ್ರವೊಂದನ್ನು ಗುಜರಿಯಿಂದ ತಪ್ಪಿಸಿ ಇನ್ನೂ ಕೆಲವು ವರ್ಷ ದುಡಿಸಬಲ್ಲದು.

ಕಾರ್ಡು ಹಾಕಿಸಿದ ದಿನವೇ ಮಾಡಬೇಕಾದ ತಪಾಸಣೆಯೊಂದಿದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದು ಬಸ್ ಇಂಟರ್‌ಫೇಸ್ ಎಂಬ ಸಾಲನ್ನು ನೋಡಬೇಕು. ಕಾರ್ಡಿನ ಸಾಮರ್ಥ್ಯ ಮೊದಲು, ಈ ಕ್ಷಣ ನಿಜಕ್ಕೂ ಎಷ್ಟು ಲೇನು, ಯಾವ ತಲೆಮಾರಿನ ವೇಗ ಎಂಬುದು ಆಮೇಲೆ ಕಾಣುತ್ತದೆ. ಖಾಲಿ ಕೂತಿರುವಾಗ 1.1 ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ, ವಿದ್ಯುತ್ ಉಳಿಸಲು ಕಾರ್ಡು ತಾನೇ ವೇಗ ಇಳಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಸಣ್ಣ ಪರೀಕ್ಷೆ ಓಡಿಸಿದರೆ 9020ರಂಥ ಯಂತ್ರದಲ್ಲಿ ಅದು 3.0ಕ್ಕೆ ಏರಬೇಕು. ಹದಿನಾರು ಲೇನಿನ 1650ಕ್ಕೆ ನಾಲ್ಕೇ ಲೇನು ಎಂದು ತೋರಿದರೆ ಬಹುಶಃ ಕಾರ್ಡನ್ನು ಪಕ್ಕದ ತಪ್ಪು ಸ್ಲಾಟಿಗೆ ಹಾಕಿದ್ದಾರೆ. ಎಸ್‌ಎಂಪಿಎಸ್ ವೈರು ಕಿತ್ತು, ಸರಿಯಾದ ಸ್ಲಾಟಿನಲ್ಲಿ ಕೂರಿಸಿ, ಕೊನೆಯಲ್ಲಿರುವ ಚಿಲಕ ಕಟ್ಟೆಂದು ಬೀಳುವವರೆಗೆ ಒತ್ತಿ, ಮತ್ತೆ ಅದೇ ಪರೀಕ್ಷೆ ಓಡಿಸಬೇಕು.